ಇಬ್ಬರ ನಡುವೆ ನಿಂತಿರುವುದೇನು?

ಹದಿನಾರು ವರ್ಷದವಳಿದ್ದಾಗ ತ್ರಿವೇಣಿಯವರ ‘ಬೆಳ್ಳಿಮೋಡ’ ಓದಿದೆ. ಪೂರ್ತಿ ಓದಲಿಲ್ಲ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ಆ ಪ್ರತಿಯಲ್ಲಿ ಕೊನೆಯ ಹಾಳೆಗಳೇ ಇರಲಿಲ್ಲ. ಎಷ್ಟು ಮನೆ ಸುತ್ತಿ ಬಂದಿತ್ತೋ ಏನೋ. ದಪ್ಪ ರಟ್ಟು ಹಾಕಿ, ದಾರದಲ್ಲಿ ಹೊಲಿದು, ಮೇಲೆ ಕಂದು ಕಾಗದ ಅಂಟಿಸಿದ್ದರು. ಮೊದಲ ಪುಟದಲ್ಲಿ ಯಾರೋ ಪೆನ್ಸಿಲ್‌ನಲ್ಲಿ ‘ತುಂಬಾ ಚೆನ್ನಾಗಿದೆ, ಓದಿ’ ಅಂತ ಬರೆದಿದ್ದರು. ಅದರ ಕೆಳಗೆ ಬೇರೆ ಕೈಬರಹದಲ್ಲಿ ‘ಅತ್ತುಬಿಟ್ಟೆ’ ಅಂತ ಇತ್ತು. ರಾತ್ರಿ ಹನ್ನೊಂದಕ್ಕೆ ಕಥೆ ನಡುನೀರಿನಲ್ಲಿ ನಿಂತಿತು. ನನಗೆ ನಿದ್ದೆ ಹತ್ತಲಿಲ್ಲ.

ಬೆಳಗಾದ ಕೂಡಲೇ ಪಕ್ಕದ ಮನೆಯ ಅಕ್ಕನ ಹತ್ತಿರ ಓಡಿದೆ. ಅವರು ಓದದ ಕಾದಂಬರಿಯೇ ಇರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಕೇಳಿದೆ. ಕೊನೆಗೆ ಏನಾಗುತ್ತೆ? ಅವರು ಸೀರೆ ಹಿಂಡುತ್ತಲೇ ಹೇಳಿದರು: “ಇನ್ನೇನಾಗುತ್ತೆ? ಮೋಹನ ತಪ್ಪಾಯ್ತು ಅಂದ. ಇಂದಿರಾ ಒಪ್ಪಿಕೊಂಡಳು. ಮದುವೆ ಆಯ್ತು ಕಣೇ.” ನನಗೆ ಸಮಾಧಾನವಾಯಿತು. ಪುಸ್ತಕ ವಾಪಸ್ ಕೊಟ್ಟು ಬಂದೆ.

ಎಷ್ಟೋ ವರ್ಷದ ಮೇಲೆ ಟೀವಿಯಲ್ಲಿ ಆ ಸಿನಿಮಾ ನೋಡಿದೆ. ಪುಟ್ಟಣ್ಣ ಕಣಗಾಲರು 1967ರಲ್ಲಿ ಮಾಡಿದ್ದು. ಅದರಲ್ಲಿ ಇಂದಿರಾ ಒಪ್ಪುವುದೇ ಇಲ್ಲ. ಸಿನಿಮಾದವರು ಬದಲಾಯಿಸಿರಬೇಕು ಅಂದುಕೊಂಡೆ. ಅಂಗಡಿಗೆ ಹೋಗಿ ಪುಸ್ತಕ ಕೊಂಡು, ಬಸ್ಸಿನಲ್ಲಿ ಕೂತು ಮೊದಲು ಕೊನೆಯ ಪುಟಗಳನ್ನೇ ಓದಿದೆ. ಅಲ್ಲೂ ಅವಳು ಬೇಡ ಅಂದಿದ್ದಳು.

ಈ ಬೇಸಿಗೆಯಲ್ಲಿ ಇದೆಲ್ಲ ಮತ್ತೆ ನೆನಪಾಗಲು ಕಾರಣ ನನ್ನ ಅಕ್ಕನ ಮಗಳು. ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿಸಿ ಬೆಂಗಳೂರಿನಿಂದ ಶಿವಮೊಗ್ಗಕ್ಕೆ, ನಮ್ಮ ಮನೆಗೆ ಬಂದಳು. ಬಟ್ಟೆಗಿಂತ ಜಾಸ್ತಿ ಪುಸ್ತಕ ತಂದಿದ್ದಳು. ಎಲ್ಲ ಇಂಗ್ಲಿಷ್. ಮುಕ್ಕಾಲು ಭಾಗ ಪ್ರೇಮಕಥೆ. ಬಂದ ಎರಡನೇ ದಿನ ಒಂದು ಒಪ್ಪಂದ ಮುಂದಿಟ್ಟಳು. “ಚಿಕ್ಕಮ್ಮ, ನಾನು ಕೊಟ್ಟಿದ್ದನ್ನ ನೀನು ಓದು. ನೀನು ಕೊಟ್ಟಿದ್ದನ್ನ ನಾನು ಓದ್ತೀನಿ. ಅರ್ಧಕ್ಕೆ ಬಿಡೋ ಹಾಗಿಲ್ಲ.” ಅವಳು ಕನ್ನಡ ಓದುವುದು ನಿಧಾನ. ಹಾಗಾಗಿ ನಾನು ಕೊಟ್ಟಿದ್ದನ್ನು ಊಟ ಆದಮೇಲೆ ಇಬ್ಬರೂ ಒಬ್ಬೊಬ್ಬರು ಒಂದೊಂದು ಪುಟದಂತೆ ಗಟ್ಟಿಯಾಗಿ ಓದುವುದು ಅಂತಾಯಿತು. ಎರಡು ತಿಂಗಳು ಹಾಗೇ ನಡೆಯಿತು. ಆಗ ಓದಿದ ಕೆಲವು ಕಾದಂಬರಿಗಳನ್ನು ನಿಮಗೂ ಹೇಳಬೇಕು ಅನಿಸಿದೆ.

ಅವಳು ಮೊದಲು ಕೈಗಿಟ್ಟಿದ್ದು ರೇನ್‌ಬೋ ರೋವೆಲ್ ಬರೆದ ‘ಎಲೀನರ್ ಅಂಡ್ ಪಾರ್ಕ್’. ಅಮೆರಿಕದಲ್ಲಿ 2013ರಲ್ಲಿ ಬಂದ ಪುಸ್ತಕ. ಕಥೆ ನಡೆಯುವುದು 1986ರಲ್ಲಿ, ನೆಬ್ರಾಸ್ಕಾ ರಾಜ್ಯದ ಒಮಾಹಾ ಊರಿನಲ್ಲಿ. ಎಲೀನರ್ ಆ ಶಾಲೆಗೆ ಹೊಸಬಳು. ದಪ್ಪ ಮೈ, ಕೆಂಪು ಗುಂಗುರು ಕೂದಲು, ಗಂಡಸರ ಹಳೇ ಅಂಗಿ. ಶಾಲೆಯ ಬಸ್ಸು ಹತ್ತಿದರೆ ಯಾರೂ ಜಾಗ ಬಿಡುವುದಿಲ್ಲ. ಪಾರ್ಕ್ ಸಿಡುಕುತ್ತಲೇ ಕೂತುಕೋ ಅನ್ನುತ್ತಾನೆ. ಎಷ್ಟೋ ದಿನ ಇಬ್ಬರ ನಡುವೆ ಒಂದು ಮಾತಿಲ್ಲ. ಅವನು ದಾರಿಯುದ್ದಕ್ಕೂ ಕಾಮಿಕ್ಸ್ ಓದುತ್ತಾನೆ. ಒಂದು ದಿನ ಅವನಿಗೆ ಗೊತ್ತಾಗುತ್ತದೆ, ಪಕ್ಕದಲ್ಲಿ ಕೂತವಳೂ ಅದನ್ನೇ ಓರೆಗಣ್ಣಿನಲ್ಲಿ ಓದುತ್ತಿದ್ದಾಳೆ. ಅವನು ಏನೂ ಹೇಳುವುದಿಲ್ಲ. ಪುಸ್ತಕವನ್ನು ಇನ್ನಷ್ಟು ಅಗಲವಾಗಿ ಬಿಡಿಸಿ ಹಿಡಿಯುತ್ತಾನೆ. ಹಾಳೆ ತಿರುವುವುದನ್ನು ನಿಧಾನ ಮಾಡುತ್ತಾನೆ.

ಇಲ್ಲಿಗೆ ಬಂದಾಗ ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಹಾಳೆ ನಿಧಾನಕ್ಕೆ ತಿರುವುವುದು ಎಷ್ಟು ಸಣ್ಣ ಕೆಲಸ, ಅಲ್ವಾ? ಇನ್ನೊಬ್ಬರ ಕಣ್ಣು ಆ ಪುಟದ ಕೊನೆಗೆ ಬರುವ ತನಕ ಕಾಯುವುದು. ಪ್ರೀತಿ ಎಂಬ ಪದ ಆ ಜಾಗದಲ್ಲಿ ಬರುವುದೇ ಇಲ್ಲ. ಬರಬೇಕಾಗೂ ಇಲ್ಲ.

ಎಲೀನರ್ ಮನೆಯ ಪರಿಸ್ಥಿತಿ ಓದಲು ಕಷ್ಟವಾಗುತ್ತದೆ. ಮಲತಂದೆ ಅವಳನ್ನು ಒಂದು ವರ್ಷ ಮನೆಯಿಂದಲೇ ಹೊರಗೆ ಹಾಕಿದ್ದವನು. ಐದು ಮಕ್ಕಳಿಗೆ ಒಂದೇ ಕೋಣೆ. ಬಚ್ಚಲಿಗೆ ಬಾಗಿಲಿಲ್ಲ. ಅವನು ಮನೆಗೆ ಬರುವ ಮುಂಚೆ ಸ್ನಾನ ಮುಗಿಸಿಬಿಡಬೇಕು. ಪಾರ್ಕ್ ಅವಳಿಗೆ ಹಾಡಿನ ಕ್ಯಾಸೆಟ್ ಕೊಟ್ಟರೆ ಕೇಳಲು ವಾಕ್‌ಮನ್ ಇಲ್ಲ. ವಾಕ್‌ಮನ್ ಕೊಟ್ಟರೆ ಬ್ಯಾಟರಿ ಚಿಂತೆ. ಇಷ್ಟೆಲ್ಲ ಇರುವಾಗ ಆ ಹುಡುಗಿ ಅವನಿಗೆ ತನ್ನ ಮನೆಯ ಬಗ್ಗೆ ಹೇಗೆ ಹೇಳಿಯಾಳು? ಅವನೊಬ್ಬ ಒಳ್ಳೆಯ ಹುಡುಗ, ಅವನ ಮನೆಯಲ್ಲಿ ಹಬೆಯಾಡುವ ಊಟ, ಜಗಳವಾಡಿದರೂ ಒಬ್ಬರನ್ನೊಬ್ಬರು ಬಿಡದ ಅಪ್ಪ ಅಮ್ಮ. ಅವಳು ಮುಚ್ಚಿಡುವುದರಲ್ಲಿ ಮೋಸವಿಲ್ಲ, ನಾಚಿಕೆ ಇದೆ.

ಒಂದು ಮಾತು ಸೇರಿಸಲೇಬೇಕು. ಪಾರ್ಕ್‌ನ ತಾಯಿ ಕೊರಿಯಾದವರು. ಅವರನ್ನೂ ಪಾರ್ಕ್‌ನನ್ನೂ ಚಿತ್ರಿಸಿರುವ ರೀತಿಗೆ ಕೊರಿಯನ್ ಮೂಲದ ಓದುಗರು ಆಕ್ಷೇಪ ಎತ್ತಿದ್ದಾರೆ. ಆ ತಾಯಿಯ ಬಾಯಲ್ಲಿ ಬರುವ ಮುರುಕು ಇಂಗ್ಲಿಷ್ ನನಗೂ ಹಿಡಿಸಲಿಲ್ಲ. ಮಕ್ಕಳ ಕೈಗೆ ಕೊಡುವಾಗ ಆ ವಿಷಯ ಮಾತಾಡಿಯೇ ಕೊಡಿ.

ಓದಿ ಮುಗಿಸಿದ ದಿನ ಹುಡುಗಿ ನನ್ನನ್ನು ಒಂದು ಪ್ರಶ್ನೆ ಕೇಳಿದಳು. “ಲವ್ ಸ್ಟೋರಿ ಒಳ್ಳೇದಾ ಅಲ್ವಾ ಅಂತ ಹೇಗೆ ಹೇಳೋದು ಚಿಕ್ಕಮ್ಮ? ಎಲ್ಲದರಲ್ಲೂ ಒಂದೇ ಅಲ್ವಾ ಆಗೋದು?” ನಾನು ತಕ್ಷಣ ಉತ್ತರ ಕೊಡಲಿಲ್ಲ. ಮಾರನೇ ದಿನ ಹಲಸಿನ ತೊಳೆ ಬಿಡಿಸುತ್ತಾ ಕೂತಿದ್ದಾಗ ಹೊಳೆಯಿತು. ಇಬ್ಬರ ನಡುವೆ ನಿಂತಿರುವುದೇನು ಅಂತ ನೋಡು ಅಂದೆ. ಆ ಅಡ್ಡಿ ನಿಜವಾದದ್ದಾ? ಎದುರಾಬದುರು ಕೂತು ಎರಡು ಮಾತಾಡಿದರೆ ಕರಗಿಹೋಗುವಂಥದ್ದಾ? ಕರಗುವಂಥದ್ದಾದರೆ ಮುನ್ನೂರು ಪುಟ ನಮ್ಮನ್ನು ಸುಮ್ನೆ ಕಾಯಿಸಿದ ಹಾಗೆ. ಅಡ್ಡಿ ನಿಜವಾಗಿದ್ದರೆ ಅದು ಅವರಿಬ್ಬರದು ಮಾತ್ರ ಆಗಿರುವುದಿಲ್ಲ. ಅವರ ಮನೆ, ಬೀದಿ, ಕಾಲ ಎಲ್ಲ ಅದರೊಳಗೆ ಇರುತ್ತದೆ. ಅವಳು ಈ ಮಾತನ್ನು ಹಿಡಿದುಕೊಂಡಳು. ಆಮೇಲೆ ಓದಿದ ಪ್ರತಿ ಪುಸ್ತಕಕ್ಕೂ ನಮ್ಮ ಮೊದಲ ಪ್ರಶ್ನೆ ಅದೇ.

ಎಲಿಜಬೆತ್ ಅಸೆವೆಡೊ ಅವರ ‘ದ ಪೊಯೆಟ್ ಎಕ್ಸ್’ನಲ್ಲಿ ಅಡ್ಡಿ ಅಂದರೆ ಅಮ್ಮ. 2018ರಲ್ಲಿ ಬಂದ ಕಾದಂಬರಿ. ಅದೇ ವರ್ಷ ಎಳೆಯರ ಸಾಹಿತ್ಯಕ್ಕೆ ಕೊಡುವ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಇದಕ್ಕೆ ಬಂತು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ, ಡೊಮಿನಿಕನ್ ಕುಟುಂಬದ ಹದಿನೈದರ ಹುಡುಗಿ ಸಿಯೊಮಾರಾ ಇದರ ನಾಯಕಿ. ಮೈ ಬೇಗ ಬೆಳೆದುಬಿಟ್ಟಿದೆ. ಬೀದಿಯಲ್ಲಿ ಗಂಡಸರು ಅನ್ನುವ ಮಾತಿಗೆಲ್ಲ ಅವಳೇ ಮನೆಯಲ್ಲಿ ಬೈಸಿಕೊಳ್ಳಬೇಕು. ತಾಯಿಗೆ ದೇವರ ಮೇಲೆ ಅಪಾರ ಭಕ್ತಿ. ಸನ್ಯಾಸಿನಿಯಾಗಬೇಕು ಅಂತಿದ್ದವಳನ್ನು ಮದುವೆ ಮಾಡಿಸಿದ್ದರು. ಮಗಳು ಒಂದು ನೋಟ್‌ಬುಕ್‌ನಲ್ಲಿ ಗುಟ್ಟಾಗಿ ಕವಿತೆ ಬರೆಯುತ್ತಾಳೆ. ಬಯಾಲಜಿ ಕ್ಲಾಸಿನಲ್ಲಿ ಜೊತೆಗಿರುವ ಅಮನ್ ಎಂಬ ಹುಡುಗ ಆ ಕವಿತೆಗಳನ್ನು ಕೇಳುತ್ತಾನೆ. ಕೇಳುತ್ತಾನೆ, ಅಷ್ಟೇ. ಮನೆಯಲ್ಲಿ ಯಾರೂ ಅದನ್ನು ಮಾಡಿರಲಿಲ್ಲ.

ಹುಡುಗನ ಜೊತೆ ಸಿಕ್ಕಿಬಿದ್ದ ಮಗಳನ್ನು ತಾಯಿ ಅಕ್ಕಿಕಾಳಿನ ಮೇಲೆ ಮಂಡಿಯೂರಿಸುತ್ತಾಳೆ. ಆ ಭಾಗ ಓದುವಾಗ ನನ್ನ ಮಂಡಿಯೇ ಉರಿದ ಹಾಗಾಯಿತು. ಅಕ್ಕಿ ನಮಗೆ ಏನು ಅಂತ ಗೊತ್ತಲ್ಲ. ತುಳಿಯಬಾರದು ಅಂತ ಕಲಿತವರು ನಾವು. ಆದರೂ ಆ ತಾಯಿಯನ್ನು ದ್ವೇಷಿಸಲು ನನ್ನಿಂದ ಆಗಲಿಲ್ಲ. ತನ್ನ ಮೇಲೆ ಹೊರಿಸಿದ ಭಾರವನ್ನೇ ಅವಳು ಮಗಳ ಮೇಲೆ ಇಳಿಸುತ್ತಿದ್ದಾಳೆ. ಅಸೆವೆಡೊ ಇದನ್ನು ಹೇಳುವುದಿಲ್ಲ, ಕಾಣಿಸುತ್ತಾರೆ.

ಇಡೀ ಕಾದಂಬರಿ ಪದ್ಯದಲ್ಲಿದೆ. ಹೆದರಬೇಡಿ. ಒಂದೊಂದು ಪದ್ಯ ಒಂದೆರಡು ಪುಟ, ಭಾಷೆ ಮನೆಮಾತಿನ ಹಾಗೆ. ಅಸೆವೆಡೊ ಸ್ವತಃ ಸ್ಲ್ಯಾಮ್ ಕವಿ. ವೇದಿಕೆಯ ಮೇಲೆ ನಿಂತು, ಪ್ರೇಕ್ಷಕರನ್ನು ನೋಡುತ್ತಾ ಹೇಳುವ ಕವಿತೆ ಅದು. ಹಾಗಾಗಿ ಈ ಪುಸ್ತಕವನ್ನು ಗಟ್ಟಿಯಾಗಿ ಓದಬೇಕು. ಗಮಕ ಕೇಳಿ ಬೆಳೆದ ನಮ್ಮ ಕಡೆಯವರಿಗೆ ಇದು ವಿಚಿತ್ರ ಅನಿಸಲಾರದು. ಕಥೆಯನ್ನು ಪದ್ಯದಲ್ಲಿ ಕೇಳುವ ಅಭ್ಯಾಸ ನಮ್ಮ ಕಿವಿಗೆ ಮೊದಲಿಂದಲೂ ಇದೆ. ನಾನು ಮನೆಯಲ್ಲಿ ಓದಿದ್ದು ಗಟ್ಟಿಯಾಗಿಯೇ. ಎಂಬತ್ತರ ಹತ್ತಿರದ ನನ್ನ ಅಮ್ಮ, ಇಂಗ್ಲಿಷ್ ಅಷ್ಟಾಗಿ ತಿಳಿಯದವರು, ಪಕ್ಕದಲ್ಲಿ ಹೂ ಕಟ್ಟುತ್ತಾ ಕೂತಿದ್ದರು. “ಯಾರೋ ಜಗಳ ಆಡ್ತಿದಾರಲ್ಲ ಅದರಲ್ಲಿ” ಅಂದರು. ಲಯ ಅವರಿಗೆ ತಲುಪಿತ್ತು.

ಮೂರನೆಯದರ ಹೆಸರು ಉದ್ದ. ‘ಅರಿಸ್ಟಾಟಲ್ ಅಂಡ್ ಡಾಂಟೆ ಡಿಸ್ಕವರ್ ದ ಸೀಕ್ರೆಟ್ಸ್ ಆಫ್ ದ ಯೂನಿವರ್ಸ್’. ಬರೆದವರು ಬೆಂಜಮಿನ್ ಅಲಿರೆ ಸಾಯೆನ್ಸ್. ಬಂದದ್ದು 2012ರಲ್ಲಿ, ಕಥೆಯ ಕಾಲ 1987, ಸ್ಥಳ ಮೆಕ್ಸಿಕೊ ಗಡಿಯ ಎಲ್ ಪಾಸೊ. ಈಜುಕೊಳದಲ್ಲಿ ಇಬ್ಬರು ಹುಡುಗರ ಪರಿಚಯವಾಗುತ್ತದೆ. ಅರಿಸ್ಟಾಟಲ್, ಅಂದರೆ ಎಲ್ಲರೂ ಕರೆಯುವ ಆರಿಗೆ, ಈಜು ಬರುವುದಿಲ್ಲ, ಡಾಂಟೆ ಕಲಿಸಿಕೊಡುತ್ತಾನೆ. ಡಾಂಟೆ ಮನಸ್ಸಿಗೆ ಬಂದದ್ದನ್ನೆಲ್ಲ ಹೇಳಿಬಿಡುವ ಹುಡುಗ. ಆರಿಯದು ಬಾಯಿ ಕಟ್ಟಿದ ಮನೆ. ಅಪ್ಪ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು, ಅಲ್ಲಿ ಕಂಡದ್ದನ್ನು ಮನೆಯಲ್ಲಿ ಮಾತಾಡುವುದಿಲ್ಲ. ಅಣ್ಣ ಜೈಲಿನಲ್ಲಿದ್ದಾನೆ, ಅವನ ಒಂದು ಫೋಟೋ ಕೂಡ ಗೋಡೆಯ ಮೇಲಿಲ್ಲ. ಇಂಥ ಮನೆಯಲ್ಲಿ ಬೆಳೆದ ಹುಡುಗನಿಗೆ ತನ್ನ ಮನಸ್ಸು ತನಗೇ ಕೇಳಿಸುವುದಿಲ್ಲ. ಅವನಿಗೂ ಡಾಂಟೆಗೂ ನಡುವೆ ನಿಂತಿರುವುದು ಆ ಮೌನ.

ಹುಡುಗಿ ಇದನ್ನು ಕೊಡುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು. ಇಬ್ಬರು ಹುಡುಗರ ಪ್ರೀತಿಯ ಕಥೆಯನ್ನು ಚಿಕ್ಕಮ್ಮ ಹೇಗೆ ತಗೋತಾಳೆ ಅಂತ. ನಾನು ಅವಳಿಗೆ ವಸುಧೇಂದ್ರರ ‘ಮೋಹನಸ್ವಾಮಿ’ ಬಗ್ಗೆ ಹೇಳಿದೆ. 2013ರಲ್ಲಿ ಅದು ಬಂದಾಗ ಕನ್ನಡದ ಎಷ್ಟೋ ಓದುಗರು ಮೊದಲ ಸಲ ಅಂಥ ಒಬ್ಬನ ಒಳಗಿನ ಮಾತನ್ನು ಹತ್ತಿರದಿಂದ ಕೇಳಿದರು. ಅದು ದೊಡ್ಡವರಿಗೆ ಬರೆದ ಪುಸ್ತಕ, ಅದರ ನೋವು ಬಹಳ ಹರಿತ. ಸಾಯೆನ್ಸ್ ಅವರ ಕಾದಂಬರಿ ಹಾಗಲ್ಲ, ಮೆತ್ತಗಿದೆ. ಇದರಲ್ಲಿ ನನ್ನನ್ನು ಅಲ್ಲಾಡಿಸಿದವರು ತಂದೆ ತಾಯಂದಿರು. ಮಗನಿಗೇ ಗೊತ್ತಿಲ್ಲದ ಅವನ ಮನಸ್ಸನ್ನು ಅವರು ಮೊದಲು ಗುರುತಿಸುತ್ತಾರೆ. ಗುರುತಿಸಿ ಹತ್ತಿರ ಕೂರಿಸಿಕೊಳ್ಳುತ್ತಾರೆ. ಹದಿಹರೆಯದವರ ಕಥೆಗಳಲ್ಲಿ ಸಾಮಾನ್ಯವಾಗಿ ಅಪ್ಪ ಅಮ್ಮ ಅಂದರೆ ಬಾಗಿಲು ಹಾಕುವವರು. ಇಲ್ಲಿ ಬಾಗಿಲು ತೆಗೆಯುವವರು. ಮಕ್ಕಳಿರುವವರು ಇದನ್ನು ಮಕ್ಕಳಿಗಿಂತ ಮೊದಲು ಓದಿ.

ಸಂಧ್ಯಾ ಮೆನನ್ ಅವರ ‘ವೆನ್ ಡಿಂಪಲ್ ಮೆಟ್ ರಿಷಿ’ 2017ರದ್ದು. ಅಮೆರಿಕದ ಭಾರತೀಯ ಮನೆಗಳ ಕಥೆ. ಡಿಂಪಲ್‌ಗೆ ಕೋಡಿಂಗ್ ಕಲಿಯುವ ಆಸೆ, ಅಮ್ಮನಿಗೆ ಒಳ್ಳೆಯ ಗಂಡು ಹುಡುಕುವ ಆಸೆ. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಬೇಸಿಗೆ ಶಿಬಿರಕ್ಕೆ ಹೋದರೆ, ಎರಡೂ ಮನೆಯವರು ಮೊದಲೇ ಮಾತಾಡಿಟ್ಟ ಹುಡುಗ ಅಲ್ಲೇ ಎದುರಾಗುತ್ತಾನೆ. ಅವಳಿಗೆ ಈ ವಿಷಯವೇ ಗೊತ್ತಿಲ್ಲ. ಅವನು ಹೆಂಡತಿಯಾಗುವವಳೇ ಅಂತ ಮಾತಾಡಿಸುತ್ತಾನೆ, ಅವಳು ಕೈಯಲ್ಲಿದ್ದ ತಣ್ಣನೆಯ ಕಾಫಿ ಅವನ ಮೇಲೆ ಎರಚುತ್ತಾಳೆ. ಮೊದಲ ಅರ್ಧ ಚುರುಕಾಗಿದೆ. ಆಮೇಲೆ ಸಡಿಲವಾಯಿತು ಅನಿಸಿತು. ಆದರೂ ಸಂಪ್ರದಾಯವನ್ನು ಮನಸಾರೆ ಇಷ್ಟಪಡುವ ಒಬ್ಬ ಹುಡುಗನನ್ನು ಪೆದ್ದನ ಹಾಗೆ ತೋರಿಸದೆ ಪ್ರೀತಿಯಿಂದ ಚಿತ್ರಿಸಿದ್ದಾರೆ. ಅದು ಅಪರೂಪ. ಹೊರದೇಶದಲ್ಲಿ ಬೆಳೆಯುತ್ತಿರುವ ನಮ್ಮ ಕಡೆಯ ಮಕ್ಕಳಿಗೆ ಇದು ತಮ್ಮ ಮನೆಯದೇ ಕಥೆ ಅನಿಸಬಹುದು.

ಜೆನ್ನಿ ಹಾನ್ ಅವರ ‘ಟು ಆಲ್ ದ ಬಾಯ್ಸ್ ಐ ಹ್ಯಾವ್ ಲವ್ಡ್ ಬಿಫೋರ್’ ಮಳೆಗಾಲದ ಒಂದು ಮಧ್ಯಾಹ್ನಕ್ಕೆ ಸರಿಯಾದ ಪುಸ್ತಕ. ಕಥೆಯ ನಾಯಕಿ ಯಾರಿಗೂ ಕಳಿಸಬಾರದು ಅಂತಲೇ ಬರೆದಿಟ್ಟ ಪ್ರೇಮಪತ್ರಗಳೆಲ್ಲ ಒಂದು ದಿನ ಅಂಚೆಗೆ ಬಿದ್ದುಬಿಡುತ್ತವೆ. ನನಗೆ ಅದರಲ್ಲಿ ಹುಡುಗರಿಗಿಂತ ತಾಯಿಯಿಲ್ಲದ ಆ ಮೂವರು ಅಕ್ಕತಂಗಿಯರೇ ಇಷ್ಟವಾದರು.

ಇನ್ನು ದೊಡ್ಡವರ ಪ್ರೇಮಕಥೆ. ಎಮಿಲಿ ಹೆನ್ರಿಯವರ ‘ಬೀಚ್ ರೀಡ್’ 2020ರಲ್ಲಿ ಬಂತು. ಪ್ರೇಮಕಾದಂಬರಿ ಬರೆಯುವವಳೊಬ್ಬಳು, ಗಂಭೀರ ಸಾಹಿತ್ಯ ಬರೆಯುವವನೊಬ್ಬ. ಮಿಶಿಗನ್ ಸರೋವರದ ಹತ್ತಿರ ಪಕ್ಕಪಕ್ಕದ ಮನೆ. ನೀನು ನನ್ನ ಥರದ್ದು ಬರಿ, ನಾನು ನಿನ್ನ ಥರದ್ದು ಬರೀತೀನಿ ಅಂತ ಪಂಥ ಕಟ್ಟುತ್ತಾರೆ. ತೀರಿಹೋದ ಅಪ್ಪನ ಬದುಕಿನಲ್ಲಿ ಇನ್ನೊಬ್ಬಳಿದ್ದಳು ಎಂದು ತಿಳಿದ ಮೇಲೆ ಅವಳಿಗೆ ಸುಖಾಂತ್ಯದ ಮೇಲಿನ ನಂಬಿಕೆಯೇ ಹೋಗಿರುತ್ತದೆ. ಕಥೆಯ ಹೂರಣ ಇರುವುದು ಅಲ್ಲಿ. ಪ್ರೇಮಕಥೆಯನ್ನು ಕೀಳಾಗಿ ನೋಡುವವರಿಗೆ ಆ ಹುಡುಗಿ ಕೊಡುವ ಉತ್ತರಗಳನ್ನು ಓದುವಾಗ ನಮ್ಮಲ್ಲಿ ಹೆಂಗಸರು ಬರೆದದ್ದನ್ನು ‘ಅಡುಗೆಮನೆ ಸಾಹಿತ್ಯ’ ಅಂತ ತಳ್ಳಿಹಾಕುತ್ತಿದ್ದುದು ನೆನಪಾಯಿತು. ನಾನು ಕಾಲೇಜಿನಲ್ಲಿದ್ದಾಗ ಒಬ್ಬ ಮೇಷ್ಟ್ರು ನನ್ನ ಕೈಲಿದ್ದ ಕಾದಂಬರಿ ನೋಡಿ, ಇದನ್ನೆಲ್ಲ ಓದಿ ಬುದ್ಧಿ ಕೆಡಿಸಿಕೊಳ್ಳಬೇಡ ಅಂದಿದ್ದರು. ಆ ಪುಸ್ತಕ ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’. ಪ್ರೀತಿಸಿದವನನ್ನು ಮದುವೆಯಾಗಿ ಎಲ್ಲರಂತೆ ಸಂಸಾರ ಮಾಡಬೇಕು ಎನ್ನುವ ಒಬ್ಬ ಹುಡುಗಿಗೆ, ಹುಟ್ಟಿದ ಮನೆಯ ಕಾರಣಕ್ಕೇ ಅದು ಸಿಗದೆ ಹೋಗುವ ಕಥೆ. ಅದನ್ನು ಓದಿ ನನ್ನ ಬುದ್ಧಿ ಕೆಡಲಿಲ್ಲ. ನಮ್ಮೂರಿನ ಕೆಲವು ಮನೆಗಳ ಬಗ್ಗೆ ದೊಡ್ಡವರು ದನಿ ಇಳಿಸಿ ಮಾತಾಡುತ್ತಿದ್ದುದು ಯಾಕೆ ಅಂತ ಅವತ್ತು ಅರ್ಥವಾಯಿತು.

ಈ ಸಲ ನಾನು ತುಂಬಾ ದಿನ ಉಳಿದುಕೊಂಡಿದ್ದು ಜೇನ್ ಆಸ್ಟಿನ್ ಅವರ ‘ಪರ್ಸ್ಯುಯೇಷನ್’ನಲ್ಲಿ. ಆಸ್ಟಿನ್ 1817ರ ಜುಲೈನಲ್ಲಿ ತೀರಿಕೊಂಡರು, ಪುಸ್ತಕ ಆ ವರ್ಷದ ಕೊನೆಗೆ ಬಂತು. ಆ್ಯನ್ ಎಲಿಯಟ್‌ಗೆ ಈಗ ಇಪ್ಪತ್ತೇಳು. ಹತ್ತೊಂಬತ್ತರಲ್ಲಿ ವೆಂಟ್‌ವರ್ತ್ ಎಂಬ ನೌಕಾಪಡೆಯ ಹುಡುಗನಿಗೆ ಮಾತು ಕೊಟ್ಟಿದ್ದಳು. ಅವನ ಹತ್ತಿರ ದುಡ್ಡಿಲ್ಲ, ದೊಡ್ಡ ಮನೆತನವಿಲ್ಲ. ತಾಯಿಯ ಗೆಳತಿ, ತಾಯಿ ಹೋದಮೇಲೆ ತಾಯಿಯ ಜಾಗದಲ್ಲಿದ್ದ ಲೇಡಿ ರಸೆಲ್, ಬೇಡಮ್ಮಾ ಅಂದರು. ಕೆಟ್ಟ ಮನಸ್ಸಿನಿಂದಲ್ಲ. ಹುಡುಗಿಯ ಒಳ್ಳೆಯದಕ್ಕೇ ಅಂದರು. ಆ್ಯನ್ ಮಾತು ಮುರಿದಳು. ಅವನು ನೊಂದು, ಕೋಪ ಮಾಡಿಕೊಂಡು ಹಡಗು ಹತ್ತಿದ. ಎಂಟು ವರ್ಷದ ಮೇಲೆ ಕ್ಯಾಪ್ಟನ್ ಆಗಿ, ಹಣ ಮಾಡಿಕೊಂಡು ವಾಪಸ್ ಬಂದಿದ್ದಾನೆ. ಆ್ಯನ್‌ಳ ಅಪ್ಪ ಸಾಲ ಮಾಡಿ ಮನೆಯನ್ನೇ ಬಾಡಿಗೆಗೆ ಕೊಟ್ಟಿದ್ದಾನೆ. ಆ ಮನೆಗೆ ಬಾಡಿಗೆಗೆ ಬಂದಿರುವುದು ವೆಂಟ್‌ವರ್ತ್‌ನ ಅಕ್ಕ ಮತ್ತು ಭಾವ.

ಇಬ್ಬರೂ ಒಂದೇ ಕೋಣೆಯಲ್ಲಿ ಕೂರುತ್ತಾರೆ, ಮಾತಿಲ್ಲ. ಅವಳು ಗುರುತೇ ಸಿಗದಷ್ಟು ಬದಲಾಗಿದ್ದಾಳೆ ಅಂತ ಅವನಂದದ್ದು ಅವಳ ಕಿವಿಗೂ ಬೀಳುತ್ತದೆ. ಒಂದು ದಿನ ಆ್ಯನ್ ಬಿದ್ದು ಪೆಟ್ಟು ಮಾಡಿಕೊಂಡ ತಂಗಿಯ ಮಗುವಿನ ಆರೈಕೆಯಲ್ಲಿ ನೆಲಕ್ಕೆ ಮಂಡಿಯೂರಿ ಕೂತಿರುತ್ತಾಳೆ. ತಂಗಿಯ ಇನ್ನೊಂದು ಮಗು ಅವಳ ಬೆನ್ನೇರಿ ಕುತ್ತಿಗೆ ತಬ್ಬಿಕೊಳ್ಳುತ್ತದೆ. ಬಿಡು ಅಂದರೂ ಬಿಡುವುದಿಲ್ಲ. ಇದ್ದಕ್ಕಿದ್ದಂತೆ ಬೆನ್ನಿನ ಭಾರ ಇಳಿಯುತ್ತದೆ. ಯಾರೋ ಮಗುವನ್ನು ಎತ್ತಿಕೊಂಡಿದ್ದಾರೆ. ಯಾರು ಅಂತ ಗೊತ್ತಾದಾಗ ಅವಳಿಗೆ ಥ್ಯಾಂಕ್ಸ್ ಹೇಳಲೂ ದನಿ ಬರುವುದಿಲ್ಲ. ಅವನೂ ಏನೂ ಹೇಳದೆ ಮಗುವಿನ ಜೊತೆ ಗದ್ದಲ ಮಾಡುತ್ತಾ ನಿಲ್ಲುತ್ತಾನೆ, ಅವಳ ಮಾತು ಬೇಡ ಎನ್ನುವ ಹಾಗೆ. ಹಾಳೆ ನಿಧಾನಕ್ಕೆ ತಿರುವಿದ ಪಾರ್ಕ್ ನನಗೆ ಇಲ್ಲಿ ನೆನಪಾದ. ಇನ್ನೂರು ವರ್ಷದ ಅಂತರವಿದ್ದರೂ ಇಬ್ಬರು ಲೇಖಕಿಯರಿಗೂ ಒಂದೇ ವಿಷಯ ಗೊತ್ತಿತ್ತು.

ಕೊನೆಗೆ ಬಾತ್ ಊರಿನ ಒಂದು ವಸತಿಗೃಹದಲ್ಲಿ ಆ್ಯನ್ ಇನ್ನೊಬ್ಬ ಕ್ಯಾಪ್ಟನ್ ಜೊತೆ ಮಾತಿಗೆ ಕೂರುತ್ತಾಳೆ. ಗಂಡಸರು ಬೇಗ ಮರೆಯುತ್ತಾರಾ, ಹೆಂಗಸರಾ? ಪುಸ್ತಕಗಳೆಲ್ಲ ಹೆಂಗಸರ ಮನಸ್ಸು ಚಂಚಲ ಅಂತಲೇ ಹೇಳುತ್ತವೆ ಅನ್ನುತ್ತಾನೆ ಅವನು. ಪುಸ್ತಕವನ್ನು ಸಾಕ್ಷಿಗೆ ತರಬೇಡಿ, ಲೇಖನಿ ಇದ್ದದ್ದು ಗಂಡಸರ ಕೈಯಲ್ಲಿ ಅನ್ನುತ್ತಾಳೆ ಇವಳು. ಅದೇ ಕೋಣೆಯಲ್ಲಿ ಪತ್ರ ಬರೆಯುತ್ತಾ ಕೂತಿದ್ದ ವೆಂಟ್‌ವರ್ತ್‌ಗೆ ಈ ಮಾತು ಕೇಳಿಸುತ್ತದೆ. ಅವನು ಅಲ್ಲೇ ಇನ್ನೊಂದು ಪತ್ರ ಬರೆಯಲು ಶುರುಮಾಡುತ್ತಾನೆ. ಆ ಪತ್ರವನ್ನು ನಾನಿಲ್ಲಿ ಹೇಳುವುದಿಲ್ಲ. ಅದನ್ನು ನೀವೇ, ಒಬ್ಬರೇ ಇರುವಾಗ ಓದಬೇಕು.

ಹುಡುಗಿಗೆ ಲೇಡಿ ರಸೆಲ್ ಮೇಲೆ ಭಯಂಕರ ಸಿಟ್ಟು ಬಂತು. ಆ್ಯನ್ ಮಾತ್ರ, ಆ ಸಲಹೆ ತಪ್ಪಾಗಿತ್ತು, ಆದರೆ ಅದನ್ನು ಕೇಳಿದ್ದು ತಪ್ಪಲ್ಲ ಅನ್ನುತ್ತಾಳೆ. ಇದು ಹೇಗೆ ಸಾಧ್ಯ ಅಂತ ಎರಡು ದಿನ ವಾದ ಮಾಡಿದಳು. ಹತ್ತೊಂಬತ್ತರ ವಯಸ್ಸಿನಲ್ಲಿ, ತಾಯಿಯಿಲ್ಲದ ಮನೆಯಲ್ಲಿ, ತನ್ನನ್ನು ಪ್ರೀತಿಸುವ ಒಬ್ಬರೇ ಒಬ್ಬ ಹಿರಿಯರ ಮಾತನ್ನು ಮೀರುವುದು ಎಂಥ ಕಷ್ಟ ಅಂತ ನಾನು ವಿವರಿಸಿದೆ. ಅವಳು ಒಪ್ಪಲಿಲ್ಲ. ಒಪ್ಪದಿದ್ದದ್ದು ನನಗೆ ಖುಷಿಯೇ ಆಯಿತು.

ಇದಾದ ಮೇಲೆ ನಾನು ಅವಳ ಮುಂದೆ ‘ಬೆಳ್ಳಿಮೋಡ’ ಇಟ್ಟೆ.

ತ್ರಿವೇಣಿಯವರ ಮೊದಲ ಕಾದಂಬರಿ ‘ಅಪಸ್ವರ’ ಬಂದದ್ದು 1953ರಲ್ಲಿ. 1963ರಲ್ಲಿ, ಮೂವತ್ತೈದು ತುಂಬುವ ಮುಂಚೆಯೇ ಅವರು ತೀರಿಕೊಂಡರು. ನಡುವಿನ ಹತ್ತೇ ವರ್ಷದಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದರು. ‘ಬೆಳ್ಳಿಮೋಡ’ದ ಇಂದಿರಾ ಶ್ರೀಮಂತ ತಂದೆಯ ಒಬ್ಬಳೇ ಮಗಳು. ಮೋಹನನ ಜೊತೆ ಮದುವೆ ಗೊತ್ತಾಗುತ್ತದೆ. ಭಾವೀ ಮಾವನ ದುಡ್ಡಿನಲ್ಲೇ ಅವನು ಓದಲು ವಿದೇಶಕ್ಕೆ ಹೋಗುತ್ತಾನೆ. ಇವಳು ಕಾಯುತ್ತಾಳೆ. ಅಷ್ಟರಲ್ಲಿ, ಯಾರೂ ನಿರೀಕ್ಷೆ ಮಾಡದಿದ್ದಾಗ, ಇಂದಿರಾಗೆ ಒಬ್ಬ ತಮ್ಮ ಹುಟ್ಟುತ್ತಾನೆ. ಆಸ್ತಿಗೆ ವಾರಸುದಾರ ಬಂದ. ತಿರುಗಿ ಬಂದ ಮೋಹನನ ಮನಸ್ಸೂ ತಿರುಗುತ್ತದೆ. ಆಮೇಲೆ ಅವನು ಪೆಟ್ಟಾಗಿ ಮಲಗಿದಾಗ ಆರೈಕೆ ಮಾಡುವವಳು ಅವಳೇ. ಅವನಿಗೆ ತನ್ನ ತಪ್ಪು ತಿಳಿಯುತ್ತದೆ. ಮದುವೆಯಾಗೋಣ ಅನ್ನುತ್ತಾನೆ.

ನಿಮಗೂ ಕಾಣಿಸಿರಬೇಕು. ಎರಡೂ ಕಥೆಯಲ್ಲಿ ಬಿಟ್ಟುಹೋದವನು ತಿರುಗಿ ಬರುತ್ತಾನೆ. ಎರಡರಲ್ಲೂ ಕಾದವಳು ಹೆಣ್ಣು. ಆ್ಯನ್ ಹೂಂ ಅನ್ನುತ್ತಾಳೆ, ಇಂದಿರಾ ಬೇಡ ಅನ್ನುತ್ತಾಳೆ. ಓದಿದಾಗ ನನಗೆ ಎರಡೂ ಸರಿ ಅನಿಸಿತು. ಅದು ಹೇಗೆ ಅಂತ ಹುಡುಗಿಯೇ ಹೇಳಿದಳು. ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನನ್ನ ಪ್ರಶ್ನೆಯನ್ನು ನನಗೇ ವಾಪಸ್ ಕೊಟ್ಟಳು. “ನಡುವೆ ಏನಿತ್ತು ಅಂತ ನೋಡು ಚಿಕ್ಕಮ್ಮ. ಆ್ಯನ್, ವೆಂಟ್‌ವರ್ತ್ ನಡುವೆ ಬೇರೆಯವರ ಮಾತು ಇತ್ತು. ಅದು ಹೋಯ್ತು. ಮೋಹನ ಇಂದಿರಾ ನಡುವೆ ಇದ್ದಿದ್ದು ಮೋಹನನೇ. ಅವನು ಎಲ್ಲಿಗೆ ಹೋಗ್ತಾನೆ?”

ನಾನು ಸುಮ್ಮನಾದೆ. ಎಷ್ಟು ಸಲ ಓದಿದ್ದೇನೋ ಆ ಪುಸ್ತಕವನ್ನು, ಇಷ್ಟು ನೇರವಾಗಿ ನನಗೆ ಹೊಳೆದಿರಲಿಲ್ಲ. ಆರೈಕೆ ಮಾಡಿದ್ದಕ್ಕೂ ಮದುವೆಗೆ ಒಪ್ಪುವುದಕ್ಕೂ ಸಂಬಂಧವಿಲ್ಲ ಅಂತ ತ್ರಿವೇಣಿ ಆ ಕಾಲದಲ್ಲೇ ತಿಳಿದಿದ್ದರು. ಇಂದಿರಾಳಲ್ಲಿ ಕರುಣೆ ಇದೆ, ಸೇಡು ಇಲ್ಲ. ಅವಳ ನಂಬಿಕೆ ಮಾತ್ರ ಮುಗಿದುಹೋಗಿದೆ. ಪ್ರೇಮಕಥೆ ಅಂದರೆ ಮದುವೆಯಲ್ಲೇ ಮುಗಿಯಬೇಕು ಅಂತ ನಂಬಿದ್ದ ಓದುಗರ ಕೈಗೆ ಇಂಥದ್ದೊಂದು ಕೊನೆಯನ್ನು ಇಡುವುದು ಸಣ್ಣ ಧೈರ್ಯವಲ್ಲ.

ಹದಿಹರೆಯದವರಿಗಾಗಿಯೇ ಬರೆದ ಕಾದಂಬರಿ ಕನ್ನಡದಲ್ಲಿ ಕಡಿಮೆ. ಮಕ್ಕಳ ಪುಸ್ತಕ ಮುಗಿಯಿತು ಅಂದರೆ ನೇರ ದೊಡ್ಡವರ ಕಪಾಟು. ಅಮೆರಿಕದಲ್ಲಿ ಎಸ್.ಇ. ಹಿಂಟನ್ ತಾವೇ ಹದಿಹರೆಯದಲ್ಲಿದ್ದಾಗ ತಮ್ಮ ವಯಸ್ಸಿನವರ ಬಗ್ಗೆ ಬರೆದ ‘ದಿ ಔಟ್‌ಸೈಡರ್ಸ್’ 1967ರಲ್ಲಿ ಬಂತು. ಅಲ್ಲಿಂದೀಚೆಗೆ ಆ ಕಪಾಟು ತುಂಬುತ್ತಲೇ ಬಂದಿದೆ. ವಿಚಿತ್ರ ಅಂದರೆ, ನಮ್ಮಲ್ಲಿ ಅದೇ 1967ರಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಬಂತು. ಅದು ಹದಿಹರೆಯದವರಿಗೆ ಅಂತ ಬರೆದದ್ದಲ್ಲ ನಿಜ. ಆದರೆ ಅದರೊಳಗೆ ಇರುವ ಪ್ರೇಮಿಗಳನ್ನು ನೋಡಿ. ಗುತ್ತಿ ಮತ್ತು ತಿಮ್ಮಿ, ಐತ ಮತ್ತು ಪೀಂಚಲು, ಮುಕುಂದಯ್ಯ ಮತ್ತು ಚಿನ್ನಮ್ಮ. ಬೇಡದ ಮದುವೆಯಿಂದ ತಪ್ಪಿಸಿಕೊಳ್ಳಲು ಚಿನ್ನಮ್ಮ ರಾತ್ರಿ ಮನೆ ಬಿಟ್ಟು ಕಾಡಿನ ಕಡೆ ಹೊರಡುತ್ತಾಳಲ್ಲ, ಆ ಭಾಗವನ್ನಷ್ಟೇ ಹುಡುಗಿಗೆ ಓದಿ ಹೇಳಿದೆ. ಹೊರಗೆ ಮೊದಲ ಮಳೆ ಹಿಡಿದಿತ್ತು. ಕರೆಂಟು ಹೋಗಿತ್ತು. ಮೊಬೈಲ್ ಬೆಳಕಿನಲ್ಲಿ ಓದಿದೆ. ಕಾಡಿನ ಕತ್ತಲೆಗೆ ನಮ್ಮ ಮನೆಯ ಕತ್ತಲೆಯೂ ಸೇರಿಕೊಂಡಿತು. “ಇವಳಿಗೆ ನನ್ನಷ್ಟೇ ವಯಸ್ಸಿರಬಹುದಾ?” ಅಂದಳು. ಇಡೀ ಪುಸ್ತಕ ದೊಡ್ಡದು, ಆತುರ ಬೇಡ, ಇನ್ನೆರಡು ವರ್ಷ ಬಿಟ್ಟು ಓದು ಅಂದಿದ್ದೇನೆ. ಅವಳು ಕೇಳುವ ಹಾಗೆ ಕಾಣುವುದಿಲ್ಲ.

ಆ ರಾತ್ರಿಯೇ ಅವಳಿಗೆ ಹರಿದ ಹಾಳೆಗಳ ಕಥೆ ಹೇಳಿದೆ. ಪಕ್ಕದ ಮನೆಯ ಅಕ್ಕ ಯಾಕೆ ಸುಳ್ಳು ಹೇಳಿದರು ಅಂತ ಕೇಳಿದಳು. ಗೊತ್ತಿಲ್ಲ, ಅವರ ಪ್ರತಿಯಲ್ಲೂ ಹಾಳೆ ಇರಲಿಲ್ಲವೇನೋ ಅಂದೆ. ಅಷ್ಟು ಹೊತ್ತೂ ಸುಮ್ಮನಿದ್ದ ಅಮ್ಮ ಕತ್ತಲೆಯಲ್ಲೇ ಹೇಳಿದರು: “ಅವಳಿಗೆ ಒಂದು ಕಡೆ ನಿಶ್ಚಯ ಆಗಿತ್ತು. ಹುಡುಗನ ಕಡೆಯವರು ಬಿಟ್ಟರು. ಅವನು ತಿರುಗಿ ಬರ್ತಾನೆ ಅಂತ ತುಂಬಾ ವರ್ಷ ಇದ್ದಳು.”

ನನಗೆ ಆ ಒಗೆಯುವ ಕಲ್ಲು, ಹಿಂಡುತ್ತಿದ್ದ ಸೀರೆ, ‘ಮದುವೆ ಆಯ್ತು ಕಣೇ’ ಅಂದಾಗಿನ ಅವರ ಬಗ್ಗಿದ ಮುಖ ಎಲ್ಲ ಕಣ್ಣಿಗೆ ಕಟ್ಟಿತು. ಅವರು ಆ ಬೀದಿ ಬಿಟ್ಟು ಹೋಗಿ ಬಹಳ ಕಾಲವಾಗಿದೆ. ಎಲ್ಲಿದ್ದಾರೆ ಅಂತ ಅಮ್ಮನಿಗೂ ತಿಳಿಯದು. ತಿಳಿದರೆ ಹೋಗಿ ಒಂದು ಪ್ರತಿ ಕೊಡುವ ಆಸೆ ನನಗಿದೆ.

ಊರಿಗೆ ಹೊರಡುವ ಹಿಂದಿನ ದಿನ ಹುಡುಗಿ ‘ಬೆಳ್ಳಿಮೋಡ’ ತನಗೆ ಬೇಕು, ಗೆಳತಿಯರಿಗೆ ಕೊಡುತ್ತೇನೆ ಅಂದಳು. ತೆಗೆದುಕೊಂಡು ಹೋಗು ಅಂದೆ. ಚೀಲಕ್ಕೆ ಹಾಕುವ ಮುಂಚೆ 'ಪೆನ್ಸಿಲ್ ಕೊಡು' ಅಂದಳು. ಮೊದಲ ಪುಟದಲ್ಲಿ, ಒಂದೊಂದೇ ಅಕ್ಷರವನ್ನು ದುಂಡಗೆ ಕೂಡಿಸಿ, ಕನ್ನಡದಲ್ಲಿ ಬರೆದಳು: ‘ಹಾಳೆ ಎಲ್ಲ ಇವೆ. ಕೊನೆವರೆಗೂ ಓದಿ.’